ಕೆರೆಯ ಕೊರಮೀನು ಮತ್ತು ಗಾಳದ ವಿದ್ಯೆ

ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಇತಿಹಾಸದ ವಿದ್ಯಾರ್ಥಿಯಾದ ನಾನು ರಾಷ್ಟ್ರಕೂಟರ ಮಳಖೇಡವನ್ನು ಕುರಿತು ಬರೆಯುವೆನೆಂದು ಮೊದಲು ಒಪ್ಪಿಕೊಂಡಿದ್ದೆ. ಆದರೆ ಆ ವಿಷಯವನ್ನು ನನಗಿಂತ ಬಲ್ಲವರು ಅನೇಕರು ಬರೆದಿರುವರು. ಅವರಿಗಿಂತ ನಾನು ಚೆನ್ನಾಗಿ ಬಲ್ಲ ವಿಷಯವೆಂದರೆ ಒಂದೇ: ಕೆರೆಯಲ್ಲಿ ಮೀನು ಹಿಡಿಯುವುದು. ನಮ್ಮ ತಂದೆಯವರ ಕಸುಬು ಅದು. ಓದು ಬರಹ ನಮ್ಮ ಮನೆಗೆ ನನ್ನಿಂದ ಬಂದಿತು. ಗಾಳವು ಎಷ್ಟು ತಲೆಮಾರಿನಿಂದ ಬಂದಿತೋ ಲೆಕ್ಕವಿಟ್ಟವರಿಲ್ಲ. ಕಾಲೇಜಿನ ಪತ್ರಿಕೆಯಲ್ಲಿ ಮೀನಿನ ವಾಸನೆಯೇಕೆ ಎಂದು ಮೂಗು ಮುರಿಯುವವರು ಇದ್ದರೆ ಅವರು ಮುಂದಿನ ಪುಟಕ್ಕೆ ದಾಟಬಹುದು.

ನಮ್ಮ ಆಡಕಿ, ಸೇಡಂ ಸೀಮೆಯಲ್ಲಿ ನೀರಿನ ಭಾಗ್ಯ ದೊಡ್ಡದಲ್ಲ. ಮುಲ್ಲಾಮಾರಿ, ಬೆಣ್ಣೆತೊರೆಗಳನ್ನು ಕೂಡಿಸಿಕೊಂಡು ಹರಿಯುವ ಕಾಗಿಣಾ ನದಿ ಕೊನೆಗೆ ಭೀಮೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಅದರ ಹರಿವು ಬಡವಾಗಿ ಮಡುಗಳಷ್ಟೇ ಉಳಿಯುತ್ತವೆ. ಉಳಿದದ್ದು ಊರ ಕೆರೆಗಳು, ಚಿಂಚೋಳಿಯ ಕಡೆಯ ಚಂದ್ರಂಪಳ್ಳಿಯಂಥ ಕೆಲವು ಜಲಾಶಯಗಳು, ಮತ್ತು ಪರಸಿ ಕಲ್ಲು ತೆಗೆದು ಬಿಟ್ಟ ಖಣಿಗಳು. ಖಣಿಯ ನೀರು ನೋಡಲು ಹಸಿರಾಗಿ ಚೆಂದವಾಗಿರುತ್ತದೆ. ಆದರೆ ಅದರ ದಂಡೆ ಗೋಡೆಯಂತೆ ನೆಟ್ಟಗೆ ಇಳಿದಿರುವುದರಿಂದ ಜಂಬು ಹುಲ್ಲಿಗಾಗಲಿ, ತಾವರೆಗಾಗಲಿ, ಈಜು ಬಾರದ ಹುಡುಗರಿಗಾಗಲಿ ಅಲ್ಲಿ ಕಾಲೂರಲು ಸ್ಥಳವಿಲ್ಲ. ಈ ಲೇಖನದ ನಾಯಕನು ಅಲ್ಲಿ ಸಂಸಾರ ಹೂಡುವುದಿಲ್ಲ.

ಆ ನಾಯಕನೇ ಕೊರಮೀನು. ಮರಾಠಿಯವರು ಇದನ್ನು ಮರಳ ಎನ್ನುವರು. ಹಳೆಯ ಮೈಸೂರಿನ ಕಡೆಯವರು ಕೊರವ, ಕುಚ್ಚು ಎಂದು ಕರೆಯುವರು. ನಾವು ತೆಲಂಗಾಣದ ಅಂಚಿನವರಾದುದರಿಂದ ನಮ್ಮ ಬಾಯಲ್ಲಿ ತೆಲುಗಿನ ಹೆಸರೇ ನಿಂತಿದೆ. ತೆಲಂಗಾಣ ರಾಜ್ಯವು ಇದನ್ನೇ ತನ್ನ ರಾಜ್ಯದ ಮೀನಾಗಿ ಆರಿಸಿಕೊಂಡಿದೆ. ಶಾಸ್ತ್ರಜ್ಞರು ಕೊಟ್ಟ ಹೆಸರು ಚನ್ನಾ ಸ್ಟ್ರಯೇಟಾ. ಹಾವಿನಂಥ ತಲೆ, ಉರುಳೆಯಂಥ ಮೈ, ಬೆನ್ನಿನುದ್ದಕ್ಕೂ ಒಂದೇ ಈಜುರೆಕ್ಕೆ. ಕಿವಿರುಗಳ ಮೇಲೆ, ತಲೆಯೊಳಗೆ, ಗಾಳಿಯನ್ನು ಹಿಡಿದಿಡುವ ಒಂದು ಕೋಣೆ ಇದಕ್ಕುಂಟು. ಆದ್ದರಿಂದ ಆಗಾಗ ಮೇಲೆ ಬಂದು ಉಸಿರು ಎಳೆದುಕೊಂಡು ಹೋಗುತ್ತದೆ. ಕೆರೆ ಬತ್ತಿದರೆ ಕೆಸರಿನಲ್ಲಿ ಹೂತುಕೊಂಡು ಮಳೆಯವರೆಗೆ ಕಾಯುತ್ತದೆ. ಪೇಟೆಯಲ್ಲಿ ಬುಟ್ಟಿಯೊಳಗೆ ಗಂಟೆಗಟ್ಟಲೆ ಜೀವ ಹಿಡಿದಿರುವುದರಿಂದಲೇ ಇದಕ್ಕೆ ಬೆಲೆಯೂ ಹೆಚ್ಚು.

ಹಿಡಿಯುವ ಬಗೆಯನ್ನು ಹೇಳುವೆನು. ನಮ್ಮ ತಂದೆಯವರದು ದೋಣಿಯೆಂದು ಕರೆಯುವಂಥದ್ದಲ್ಲ. ಅಜ್ಜನ ಕಾಲದಲ್ಲಿ ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು ಇದ್ದಿತಂತೆ. ಈಗಿನದು ಥರ್ಮಾಕೋಲಿನ ಹಲಗೆಗಳನ್ನು ಜೋಡಿಸಿ, ಗೊಬ್ಬರದ ಚೀಲ ಸುತ್ತಿ, ಬಿದಿರಿನಿಂದ ಬಿಗಿದ ತೆಪ್ಪ. ಒಬ್ಬನು ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಬಹುದು. ಇಬ್ಬರಾದರೆ ಇಬ್ಬರೂ ಒದ್ದೆಯಾಗುವರು. ಸಣ್ಣ ತೆಪ್ಪದ ದೊಡ್ಡ ಗುಣವೆಂದರೆ ಸದ್ದಿಲ್ಲದಿರುವುದು. ದಂಡೆಯ ಮೇಲೆ ನಡೆದರೆ ನೆಲದ ಅದುರು ನೀರಿಗೆ ಮುಟ್ಟಿ ಕೊರಮೀನು ಎಚ್ಚರಗೊಳ್ಳುತ್ತದೆ; ತೆಪ್ಪವಾದರೋ ನೀರ ಕಡೆಯಿಂದ ಜಂಬಿನ ಅಂಚಿಗೆ ಮೆಲ್ಲಗೆ ಸರಿಯುತ್ತದೆ. ರೋಹು, ಮೃಗಾಲಗಳಿಗಾದರೆ ಹಿಟ್ಟಿನ ಉಂಡೆ, ಎರೆಹುಳು ಚುಚ್ಚಿ, ಜೋಳದ ದಂಟಿನ ಬೆಂಡು ಕಟ್ಟಿ ಕಾಯ್ದರೆ ಸಾಕು. ಕೊರಮೀನು ಹಾಗಲ್ಲ. ಅದು ಹೊಂಚು ಹಾಕುವ ಪ್ರಾಣಿ. ಉದ್ದನೆಯ ಬಿದಿರ ಕೋಲಿನ ತುದಿಗೆ ಗಟ್ಟಿ ದಾರ, ದಾರಕ್ಕೆ ಗಾಳ, ಗಾಳಕ್ಕೆ ಸಣ್ಣ ಕಪ್ಪೆ. ಅದನ್ನು ಎಲೆಗಳ ನಡುವಣ ಬಯಲು ನೀರಿನಲ್ಲಿ ಟಪ್ ಟಪ್ ಎಂದು ಕುಣಿಸಬೇಕು. ಕೆಳಗಿನಿಂದ ಹೊಡೆತ ಬಿದ್ದೊಡನೆ ಎಳೆಯಲಾಗದು. ನುಂಗಲು ಎರಡು ಉಸಿರು ಬಿಡಬೇಕು. ಎಷ್ಟು ಬಿಡಬೇಕೆಂಬುದನ್ನು ನನಗೆ ಕಲಿಸಿದ್ದು ಕೈತಪ್ಪಿದ ಮೀನುಗಳೇ.

ಈ ವಿದ್ಯೆ ನಮ್ಮಂಥವರ ಗುಡಿಸಲಿನಲ್ಲಿ ಮಾತ್ರ ಇತ್ತೆಂದು ಭಾವಿಸಬಾರದು. ನಮ್ಮ ನೆರೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಅಧ್ಯಾಯವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಅವುಗಳಿಗೆ ತಕ್ಕ ಆಹಾರ, ಕೋಲು, ದಾರ, ಗಾಳ, ಎಲ್ಲವನ್ನೂ ಅವನು ವಿವರಿಸಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಹಿಡಿಯುವ ಮೊದಲು ಮೀನಿಗೆ ಊಟವಿಟ್ಟು ಒಂದೆಡೆ ರೂಢಿ ಮಾಡಿಸಬೇಕೆಂಬುದನ್ನು ದೊರೆಯೂ ಬಲ್ಲ, ನಮ್ಮ ತಂದೆಯವರೂ ಬಲ್ಲರು. ದೊರೆಗೆ ಅದು ವಿನೋದ, ನಮಗೆ ಜೀವನ. ಭೇದ ಅಷ್ಟೇ, ಆದರೆ ಸಣ್ಣದಲ್ಲ. ಹನ್ನೆರಡನೆಯ ಶತಮಾನವೆಂದಾಗ ದೋಣಿ ನಡೆಸುತ್ತಲೇ ವಚನ ನುಡಿದ ಅಂಬಿಗರ ಚೌಡಯ್ಯನವರನ್ನೂ ನೆನೆಯದೆ ಮುಂದೆ ಹೋಗಲು ಮನಸ್ಸಾಗದು.

ಹೊರದೇಶದಲ್ಲಿ ಕೊರಮೀನಿಗೆ ಸ್ವಭಾವದಲ್ಲಿ ಹೋಲುವ ಒಂದು ಮೀನುಂಟು: ಅಮೆರಿಕದ ದೊಡ್ಡ ಬಾಯಿಯ ಬಾಸ್. ಕುಲ ಬೇರೆ, ನಡತೆ ಬಹುಮಟ್ಟಿಗೆ ಒಂದೇ. ಅದೂ ಜೊಂಡಿನ ಮರೆಯಲ್ಲಿ ಹೊಂಚುವುದು. ಅದಕ್ಕೂ ಕಪ್ಪೆಯ ಆಸೆ. ಅಲ್ಲಿಯವರು ಮರದಿಂದ, ಪ್ಲಾಸ್ಟಿಕ್ಕಿನಿಂದ ಕಪ್ಪೆಯ ಬೊಂಬೆ ಮಾಡಿ ಕುಣಿಸುವರು. 1932ರ ಜೂನ್ 2ರಂದು ಜಾರ್ಜಿಯಾ ಪ್ರಾಂತದ ಮಾಂಟ್ಗೊಮರಿ ಎಂಬ ಸರೋವರದಲ್ಲಿ ಜಾರ್ಜ್ ಪೆರ್ರಿ ಎಂಬ ಇಪ್ಪತ್ತು ವರ್ಷದ ಬಡ ರೈತ ತರುಣನು ಗೆಳೆಯನೊಡನೆ ಸಣ್ಣ ದೋಣಿಯಲ್ಲಿ ಹೋಗಿ, ಇಬ್ಬರಿಗೂ ಕೂಡಿ ಇದ್ದ ಒಂದೇ ಕೋಲಿನಿಂದ 22 ಪೌಂಡು 4 ಔನ್ಸು, ಎಂದರೆ ಸುಮಾರು 10 ಕಿಲೋ ತೂಕದ ಬಾಸನ್ನು ಹಿಡಿದನು. ಅದು ಲೋಕದ ದಾಖಲೆಯಾಯಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬನು ಅದನ್ನು ಸರಿಗಟ್ಟಿದ್ದಾನೆ. ಆದರೆ ನನಗೆ ಹಿಡಿಸಿದ ಮಾತು ಬೇರೆ. ಪೆರ್ರಿಯ ಮನೆಯವರು ಆ ದಾಖಲೆಯ ಮೀನನ್ನು ಅಡಿಗೆ ಮಾಡಿ ಉಂಡುಬಿಟ್ಟರು. ನಮ್ಮ ಮನೆಯಲ್ಲಾದರೂ ಅಷ್ಟೇ ನಡೆಯುತ್ತಿತ್ತು.

ಈಗ ನಾನು ಈ ಲೇಖನ ಬರೆಯಲು ನಿಜವಾದ ಕಾರಣಕ್ಕೆ ಬರುವೆನು. ಬಾಸ್, ಕೊರಮೀನು ಎರಡೂ ಮರಿಯನ್ನು ಕಾಯುವ ಮೀನುಗಳು. ಬಾಸಿನಲ್ಲಿ ಗಂಡು ಗೂಡನ್ನು ಕಾಯುತ್ತದೆ. ಕೊರಮೀನಿನಲ್ಲಿ ಗಂಡು ಹೆಣ್ಣು ಎರಡೂ. ಮಳೆಗಾಲದಲ್ಲಿ ಅವು ಜೊಂಡನ್ನು ಕಚ್ಚಿ ತೆಗೆದು ಸ್ಥಳ ಮಾಡಿಕೊಳ್ಳುವುವು. ತತ್ತಿಗಳಲ್ಲಿ ಎಣ್ಣೆಯ ಹನಿ ಇರುವುದರಿಂದ ಅವು ನೀರ ಮೇಲೆ ತೇಲುತ್ತವೆ. ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಕೆಲವು ದಿನ ಕಳೆದ ಮೇಲೆ ಕೆಂಪಗೆ ಕುಂಕುಮ ಚೆಲ್ಲಿದಂತೆ ಮರಿಗಳ ಗುಂಪು ಉಸಿರಿಗಾಗಿ ಮೇಲೇರಿ ಬುಳುಬುಳು ಎನ್ನಿಸುತ್ತದೆ. ತಾಯಿತಂದೆ ಕೆಳಗೇ ಇರುವುವು. ಆ ಗುಂಪಿನ ಮೇಲೆ ಕಪ್ಪೆಯನ್ನು ಬಿಟ್ಟರೆ ಅವು ಹಸಿವಿಲ್ಲದಿದ್ದರೂ ಹೊಡೆದೇ ಹೊಡೆಯುವುವು. ಅಷ್ಟು ಸುಲಭದ ಬೇಟೆ ವರ್ಷದಲ್ಲಿ ಬೇರೊಂದಿಲ್ಲ.

ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ತಂದೆಯವರಿಲ್ಲದ ಒಂದು ದಿನ ನಾನು ತೆಪ್ಪ ತೆಗೆದುಕೊಂಡು ಹೋಗಿ ಹಾಗೆಯೇ ಮಾಡಿದೆನು. ಮೊದಲು ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹೆಮ್ಮೆಯಿಂದ ಮನೆಗೆ ತಂದೆನು. ತಂದೆಯವರು ಮೀನನ್ನು ನೋಡಿ, “ಎಲ್ಲಿ ಸಿಕ್ಕವೋ ತಮ್ಮಾ?” ಎಂದರು. ಹೇಳಿದೆನು. ಬೈಯಲಿಲ್ಲ. ನನ್ನನ್ನು ತೆಪ್ಪದಲ್ಲಿ ಕೂರಿಸಿ, ತಾವು ಎದೆಯುದ್ದ ನೀರಿನಲ್ಲಿ ಅದನ್ನು ತಳ್ಳಿಕೊಂಡು ಅದೇ ಜಾಗಕ್ಕೆ ಕರೆದೊಯ್ದರು. ಕೆಂಪು ಗುಂಪು ಹರಿದು ಚೂರಾಗಿತ್ತು. ಗಿರ್ಲು, ಜಿಲೇಬಿ ಮೀನುಗಳು ನಾಲ್ಕೂ ಕಡೆಯಿಂದ ನುಗ್ಗುತ್ತಿದ್ದವು. ಮೇಲೆ ಒಂದು ಮಿಂಚುಳ್ಳಿ. “ಎರಡು ಹಿಡಿದಿ ಅಂತ ತಿಳದಿಯೇನು? ಎಣಿಸು ಈಗ” ಎಂದರು. ನಾನು ಎಣಿಸಲಿಲ್ಲ. ಆ ರಾತ್ರಿಯ ಸಾರು ನನಗೆ ಗಂಟಲಲ್ಲಿ ಇಳಿಯಲಿಲ್ಲ. ತಂದೆಯವರು ಮಾತ್ರ ಚೆಲ್ಲಬಾರದೆಂದು ಉಂಡರು.

ಕಾವಲಿನ ಮೀನನ್ನು ಹಿಡಿಯಬಾರದೆಂಬ ಅವರ ಮಾತು ಮೂಢನಂಬಿಕೆಯಲ್ಲವೆಂದು ನನಗೆ ಓದಿನಿಂದಲೂ ತಿಳಿಯಿತು. ಕೆನಡಾದ ಒಂಟಾರಿಯೋ ಮೊದಲಾದ ಕೆಲವೆಡೆ ಬಾಸಿನ ಗೂಡಿನ ಕಾಲದಲ್ಲಿ ಅದನ್ನು ಹಿಡಿಯುವುದು ನಿಷಿದ್ಧ. ಇನ್ನೂ ಹಳೆಯ ಉದಾಹರಣೆ ನಮ್ಮಲ್ಲಿಯೇ ಇದೆ. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳ ಸುತ್ತಣ ದಿನಗಳಲ್ಲಿ ಮೀನನ್ನು ಕೊಲ್ಲಲೂ ಮಾರಲೂ ಬಾರದೆಂದು ವಿಧಿಸಿದ್ದಾನೆ. ಬೆಸ್ತರ ಮೀಸಲು ನೀರಿಗೂ ಆ ದಿನಗಳ ನಿಯಮವುಂಟು. ಆ ಹುಣ್ಣಿಮೆಗಳಲ್ಲಿ ಒಂದು ಆಷಾಢದ್ದು, ಮೀನು ತತ್ತಿಯಿಡುವ ಕಾಲದ್ದು. ಅಶೋಕನು ಧರ್ಮವನ್ನಷ್ಟೇ ನೆನೆದನೋ, ಬೆಸ್ತರ ಅನುಭವವನ್ನೂ ಕೇಳಿದನೋ, ಎರಡನೆಯದೂ ಇದ್ದಿರಬೇಕೆಂದು ನನ್ನ ಊಹೆ. ಈ ಶಾಸನ ಉತ್ತರದೇಶದ್ದಾದರೂ ಅದೇ ಅಶೋಕನ ಬೇರೆ ಶಾಸನಗಳು ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮೆಯ ದಂಡೆಯ ಮೇಲೆ, ದೊರೆತಿವೆ.

ಆದರೆ ಹೇಳುವುದು ಸುಲಭ. ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗುತ್ತದೆ. ಹಣ ಕಟ್ಟಿದವನು ಬಿತ್ತಿದ ಕಾಟ್ಲಾ, ರೋಹುಗಳ ಮರಿಗಳನ್ನು ಕೊರಮೀನು ತಿನ್ನುತ್ತದೆ. ಆದುದರಿಂದ ಅವನ ಕಣ್ಣಿಗೆ ಅದು ಕಳ್ಳ. ಮಳೆಗಾಲದಲ್ಲಿ ಬೇರೆ ಮೀನು ಸಿಕ್ಕದಿರುವಾಗ, ಮನೆಯಲ್ಲಿ ಜೋಳ ಮುಗಿದಿರುವಾಗ, ಕಣ್ಣೆದುರಿಗೆ ಕೆಂಪು ಗುಂಪು ಆಡುತ್ತಿದ್ದರೆ ಗಾಳ ಹಾಕದೆ ಬರುವುದು ಎಷ್ಟು ಕಷ್ಟವೆಂದು ಪುಸ್ತಕ ಬರೆದವರಿಗೆ ತಿಳಿಯದು. ನನ್ನ ಪರೀಕ್ಷೆಯ ಫೀಸು ಕಟ್ಟಬೇಕಾದ ವಾರದಲ್ಲಿಯೂ ತಂದೆಯವರು ಅಂಥ ಒಂದು ಗುಂಪನ್ನು ಬಳಸಿಕೊಂಡು ದೂರದಿಂದ ತೆಪ್ಪ ತಿರುಗಿಸಿದ್ದನ್ನು ನಾನು ದಂಡೆಯ ಮೇಲಿನಿಂದ ಕಂಡಿದ್ದೇನೆ. ಫೀಸಿಗೆ ಅವರು ಸಾಲ ತಂದರು.

ಕಳೆದ ಮಳೆಗಾಲದಲ್ಲಿ ನಾನು ಒಂದು ನೋಟುಪುಸ್ತಕವನ್ನಿಟ್ಟು, ಭಾನುವಾರಗಳಂದು ಊರ ಕೆರೆಯಲ್ಲಿ ಮರಿಯ ಗುಂಪುಗಳನ್ನು ಗುರುತು ಹಾಕತೊಡಗಿದೆನು. ಮೂರು ಗುಂಪುಗಳು ಕಂಡವು: ತೂಬಿನ ಬಳಿ ಒಂದು, ತಾವರೆಯ ಮೂಲೆಯಲ್ಲಿ ಎರಡು. ತೂಬಿನ ಬಳಿಯದು ಎರಡನೆಯ ಭಾನುವಾರಕ್ಕೆ ಇರಲಿಲ್ಲ. ದಂಡೆಯ ಮೇಲೆ ಬಿದಿರ ಕೋಲೊಂದು ಬಿದ್ದಿತ್ತು. ತಾವರೆಯ ಮೂಲೆಯ ಮರಿಗಳು ಕೆಂಪು ಬಣ್ಣ ಕಳೆದುಕೊಂಡು ಕಪ್ಪಾಗಿ, ಒಂದೊಂದಾಗಿ ಜೊಂಡಿನೊಳಗೆ ಚದುರಿದವು. ಆ ದಿನ ತಂದೆಯವರು ತೆಪ್ಪದ ಮೇಲಿಂದ ನನ್ನ ಪುಸ್ತಕದ ಕಡೆ ಕೈ ತೋರಿಸಿ, “ಬರಕೊ” ಎಂದರು.