ಮನೆಗೆ ಬಂದ ಚಂದ್ರ ಪತಂಗ

ಮಳೆಗಾಲದ ಒಂದು ಮುಂಜಾನೆ. ತಾವರಗೇರಾದ ನಮ್ಮ ಮನೆಯಲ್ಲಿ ಕಸ ಹೊಡೆಯುತ್ತಿದ್ದೆವು. ಪಡಸಾಲೆಯ ಗೋಡೆಗೆ ಏನೋ ಅಂಟಿಕೊಂಡಿತ್ತು. ತಿಳಿ ಹಸಿರು ಬಣ್ಣ. ಅಂಗೈಗಿಂತ ಅಗಲ. ಕೆಳಗೆ ಎರಡು ಉದ್ದನೆಯ ಬಾಲ. ಯಾವುದೋ ಎಲೆ ಇರಬೇಕು ಅಂದುಕೊಂಡೆವು. ಹತ್ತಿರ ಹೋದರೆ ರೆಕ್ಕೆ ಅಲುಗಿತು!

"ಅಯ್ಯ, ಏನ್ ಕೆಟ್ಟ ಸುದ್ದಿ ತಂದೈತೋ ಇದು" ಅಂದರು ಅತ್ತೆ.

"ಅದರ ಪುಡಿ ಬಿದ್ರ ಕಣ್ಣು ಹೋಗ್ತಾವ. ಹೊಡೀರಿ ಅದನ್ನ" ಅಂದರು ನೆರೆಮನೆಯವರು.

ಕಸಬರಿಗೆ ಕೈಯಲ್ಲೇ ಇತ್ತು. ಆದರೆ ಹೊಡೆಯಲು ಮನಸ್ಸು ಬರಲಿಲ್ಲ. ಅಷ್ಟು ಚಂದ ಇತ್ತು ಅದು. ನಮಗೆ ಅಕ್ಷರ ಕಲಿಸುವ ಅಕ್ಕನನ್ನು ಕರೆತಂದೆವು. ಅವರು ಒಂದು ಪುಸ್ತಕ ತಂದರು. ಅದರಲ್ಲಿ ಇದರದೇ ಚಿತ್ರ ಇತ್ತು. ಕೆಳಗಿನ ಹೆಸರನ್ನು ನಾವೇ ಕೂಡಿಸಿ ಓದಿದೆವು. ಚಂ-ದ್ರ ಪ-ತಂ-ಗ.

ಪತಂಗ ಚಿಟ್ಟೆಯ ಬಳಗದ್ದು. ಚಿಟ್ಟೆ ಹಗಲು ಹಾರುತ್ತದೆ. ಹೆಚ್ಚಿನ ಪತಂಗಗಳು ರಾತ್ರಿ ಹಾರುತ್ತವೆ. ಚಂದ್ರ ಪತಂಗವೂ ರಾತ್ರಿಯದೇ. ಹಿಂದಿನ ರಾತ್ರಿ ನಮ್ಮ ಮನೆಯ ದೀಪ ಕಂಡು ಒಳಗೆ ಬಂದಿತ್ತು.

ಅತ್ತೆಗೆ ಈಗ ಕನಿಕರ ಬಂತು. "ಪಾಪ, ಹಸಿದೈತಿ" ಅಂತ ಬಟ್ಟಲಲ್ಲಿ ಬೆಲ್ಲದ ನೀರು ಇಟ್ಟರು. ಅದು ಮುಟ್ಟಲಿಲ್ಲ. ಹೇಗೆ ಮುಟ್ಟೀತು? ಅದಕ್ಕೆ ತಿನ್ನುವ ಬಾಯಿಯೇ ಇಲ್ಲವಂತೆ! ಹುಳು ಆಗಿದ್ದಾಗ ಎಲೆ ತಿಂದು ತಿಂದು ಬೆಳೆಯುತ್ತದೆ. ಆಮೇಲೆ ನೂಲು ಸುತ್ತಿ ಗೂಡು ಕಟ್ಟಿ ಒಳಗೆ ಮಲಗುತ್ತದೆ. ರೆಕ್ಕೆ ಬಂದ ಮೇಲೆ ಹೊರಗೆ ಬರುತ್ತದೆ. ಅಂದಿನಿಂದ ಉಪವಾಸ. ಹುಳು ಇದ್ದಾಗ ಕೂಡಿಟ್ಟ ಶಕ್ತಿಯೇ ಅದರ ಬುತ್ತಿ. ಬುತ್ತಿ ತೀರಿದರೆ ಜೀವವೂ ತೀರಿತು. ಒಟ್ಟು ಸುಮಾರು ಒಂದು ವಾರದ ಬಾಳು. ನಮ್ಮ ರೇಷ್ಮೆ ಪತಂಗವೂ ಹೀಗೆಯೇ, ಏನೂ ತಿನ್ನುವುದಿಲ್ಲ.

ಆ ವಾರದಲ್ಲೇ ಎಲ್ಲ ಆಗಬೇಕು. ಹೆಣ್ಣು ಒಂದು ಕಡೆ ಕುಳಿತು ವಾಸನೆ ಬಿಡುತ್ತದೆ. ಆ ವಾಸನೆ ನಮ್ಮ ಮೂಗಿಗೆ ಹತ್ತುವುದಿಲ್ಲ. ಗಂಡಿನ ತಲೆಯ ಮೇಲೆ ಗರಿಯಂಥ ಎರಡು ಮೀಸೆ ಇವೆ. ಅವುಗಳಿಂದ ಅದು ದೂರದಿಂದಲೇ ವಾಸನೆ ಹಿಡಿದು ಬರುತ್ತದೆ. ಕೂಡಿದ ಮೇಲೆ ಹೆಣ್ಣು ಮೊಟ್ಟೆ ಇಟ್ಟು ಸಾಯುತ್ತದೆ. ನಾವು ಕಸಬರಿಗೆ ಎತ್ತಿದ್ದರೆ ಆ ಮೊಟ್ಟೆಗಳೂ ಇಲ್ಲ, ಮುಂದಿನ ಪೀಳಿಗೆಯೂ ಇಲ್ಲ.

ಬಾಲ ಯಾಕೆ ಅಷ್ಟು ಉದ್ದ? ಬಾವಲಿಯಿಂದ ಉಳಿಯಲು. ಬಾವಲಿ ಕತ್ತಲಲ್ಲಿ ಸದ್ದಿನ ಮೇಲೆ ಬೇಟೆ ಹುಡುಕುತ್ತದೆ. ಹಾರುವಾಗ ತಿರುಗುವ ಬಾಲ ಅದನ್ನು ದಾರಿ ತಪ್ಪಿಸುತ್ತದೆ. ಬಾವಲಿ ಬಾಲ ಕಚ್ಚುತ್ತದೆ, ಪತಂಗ ಪಾರಾಗುತ್ತದೆ. ಅಮೆರಿಕದಲ್ಲಿ ಇದರ ಹತ್ತಿರದ ಬಳಗದ ಪತಂಗವೊಂದು ಇದೆ. ಅದನ್ನು ಪರೀಕ್ಷೆ ಮಾಡಿ ವಿಜ್ಞಾನಿಗಳು 2015ರಲ್ಲಿ ಈ ಗುಟ್ಟು ಹೇಳಿದರು.

ಪುಡಿಯ ಮಾತೂ ಕೇಳಿದೆವು. ಅದು ರೆಕ್ಕೆಯ ಮೇಲಿನ ಸಣ್ಣ ಸಣ್ಣ ಹುರುಪೆ. ವಿಷ ಅಲ್ಲ. ಮುಟ್ಟಿದರೆ ಕೈ ತೊಳೆದುಕೊಂಡರೆ ಆಯಿತು. ಬಾಯಿ ಇಲ್ಲದ್ದು ಕಚ್ಚುವುದಂತೂ ಇಲ್ಲ. ಇನ್ನು ಕೆಟ್ಟ ಸುದ್ದಿ! ತನಗೇ ಎಂಟು ದಿನದ ಆಯುಷ್ಯ, ನಮ್ಮ ಮನೆಯ ಸುದ್ದಿ ಹೊರಲು ಅದಕ್ಕೆ ಪುರಸೊತ್ತು ಎಲ್ಲಿ?

ಅಂದು ರಾತ್ರಿ ಬೇಗ ದೀಪ ಆರಿಸಿದೆವು. ಬಾಗಿಲು, ಕಿಟಕಿ ತೆರೆದಿಟ್ಟೆವು. ಬೆಳಿಗ್ಗೆ ನೋಡಿದರೆ ಗೋಡೆ ಖಾಲಿ. ಅತ್ತೆ ಇಟ್ಟ ಬೆಲ್ಲದ ನೀರಿಗೆ ಮಾತ್ರ ಇರುವೆ ಮುತ್ತಿದ್ದವು.