ಕತ್ತಿ ಹಿರಿಯುವ ಮೊದಲು ಹೆಸರು ಹೇಳಲಿ: ವಿಜ್ಞಾನ ಕಥೆಯ ಧಾರಾವಾಹಿ ಬರೆಯುವ ಮಕ್ಕಳಿಗೆ ಕಿವಿಮಾತು

ಹೊಸಪೇಟೆ, ಕಂಪ್ಲಿ, ಸಂಡೂರಿನ ಹುಡುಗ ಹುಡುಗಿಯರು ವಿಜ್ಞಾನ ಕಥೆಯ ಧಾರಾವಾಹಿ ಬರೆಯಲು ಹೊರಟರೆ ನನ್ನಂಥ ಹಿರಿಯನಿಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಕನ್ನಡ ಕಿರುತೆರೆಯಲ್ಲಿ ಮನೆಜಗಳದ ಕಥೆಗೆ ಬರವಿಲ್ಲ, ಪುರಾಣಕ್ಕೂ ಬರವಿಲ್ಲ. ರೋಬೋಟು, ಕಾಲಯಾನ, ಬೇರೆ ಗ್ರಹದ ಕಥೆಗಳು ಮಾತ್ರ ಬಹಳ ಕಡಿಮೆ. ಆ ಜಾಗ ನಿಮಗಾಗಿ ಖಾಲಿ ಇದೆ.

ಹೊಸಬರ ಬರವಣಿಗೆ ಸಾಮಾನ್ಯವಾಗಿ ಎರಡು ಕಡೆ ಜಾರುತ್ತದೆ. ಕೆಲವರದು ಮೊದಲಿನಿಂದ ಕೊನೆಯವರೆಗೂ ಬರೀ ಫೈಟು; ಹೊಡೆದವನು ಯಾರು, ಬಿದ್ದವನು ಯಾರು ಎಂಬುದೇ ನೆನಪಿನಲ್ಲಿ ಉಳಿಯುವುದಿಲ್ಲ. ಇನ್ನು ಕೆಲವರದು ಬರೀ ಮಾತು, ಬರೀ ಕಣ್ಣೀರು. ಕಥೆ ಕೂತಲ್ಲಿಂದ ಏಳುವುದೇ ಇಲ್ಲ. ಎರಡನ್ನೂ ತೂಗಿಸುವುದು ಹೇಗೆಂದು ಕಲಿಯಲು ದೂರ ಹೋಗಬೇಕಿಲ್ಲ. ನಮ್ಮ ದೊಡ್ಡಾಟ, ತೊಗಲುಗೊಂಬೆಯಾಟ, ಹಂಪಿಯ ಗೋಡೆ, ಕುಮಾರರಾಮನ ಕಥೆ, ನಮ್ಮ ಡ್ಯಾಂ ಇವೆಲ್ಲ ಆ ಪಾಠವನ್ನೇ ಹೇಳುತ್ತವೆ. ಹೊರದೇಶದ ಒಳ್ಳೆಯ ಧಾರಾವಾಹಿಗಳೂ ಇದೇ ಮಾತನ್ನು ಹೇಳುತ್ತವೆ. ನನಗೆ ತಿಳಿದದ್ದನ್ನು ಕೆಳಗೆ ಬರೆದಿದ್ದೇನೆ.

• ಕಾಳಗ ಬರೆಯುವ ಮೊದಲು ಆಯ್ಕೆ ಬರೆಯಿರಿ. ಯಾವ ಹೊಡೆದಾಟದ ಹಿಂದೆಯೂ ಒಬ್ಬ ಮನುಷ್ಯನ ನಿರ್ಧಾರ ಇರಬೇಕು. ಕಂಪಿಲಿ ರಾಜ್ಯದ ಕೊನೆಯನ್ನೇ ನೋಡಿ. ದೆಹಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲರಾಯನ ಆಶ್ರಯ ಬೇಡಿದ. ರಾಯ ಆಶ್ರಯ ಕೊಟ್ಟ. 1327ರ ಹೊತ್ತಿಗೆ ಸುಲ್ತಾನನ ಸೈನ್ಯ ಬಂದು ಮುತ್ತಿತು. ರಾಯ ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ಸಾಗಹಾಕಿ ತಾನು ಕಾದಿ ಸತ್ತ. ಬಲ್ಲಾಳ ಆ ಅತಿಥಿಯನ್ನು ಸುಲ್ತಾನನಿಗೆ ಒಪ್ಪಿಸಿದ. ಇಬ್ಬರು ಅರಸರ ಮುಂದೆ ಬಂದದ್ದು ಒಂದೇ ಪ್ರಶ್ನೆ, ಕೊಟ್ಟ ಉತ್ತರ ಬೇರೆ ಬೇರೆ. ಇದನ್ನು ಬೇರೆ ಗ್ರಹಕ್ಕೆ ಒಯ್ದರೂ ಕಥೆ ನಿಲ್ಲುತ್ತದೆ. ಓಡಿಬಂದವನಿಗೆ ಬಾಗಿಲು ತೆರೆಯಬೇಕೋ ಬೇಡವೋ ಎಂಬುದನ್ನು ಮೊದಲು ಬರೆಯಿರಿ. ಲೇಸರ್ ಗನ್ನು ಆಮೇಲೆ ಬರಲಿ.

• ಪಾತ್ರ ಯಾರೆಂದು ಬಂದ ಕೂಡಲೇ ತಿಳಿಯಲಿ. ನಮ್ಮ ದೊಡ್ಡಾಟದಲ್ಲಿ ಎಂಥ ವೀರನೂ ರಂಗಕ್ಕೆ ಬಂದೊಡನೆ ಕತ್ತಿ ಬೀಸುವುದಿಲ್ಲ. ಆಟ ನಡೆಸುವ ಸಾರಥಿ ಎದುರು ನಿಂತು ಕೇಳುತ್ತಾನೆ: ನೀವು ಯಾರು, ಯಾವ ಪಟ್ಟಣ, ಬಂದ ಕಾರಣ ಏನು? ಪಾತ್ರಧಾರಿ ತನ್ನ ಹೆಸರು, ಮನೆತನ, ಬಯಕೆ ಎಲ್ಲವನ್ನೂ ಹೇಳಿಕೊಂಡ ಮೇಲೆಯೇ ಮುಂದಿನ ಆಟ. ನೀವೂ ನಿಮ್ಮ ಪ್ರತಿ ಪಾತ್ರವನ್ನು ಸಾರಥಿಯ ಮುಂದೆ ನಿಲ್ಲಿಸಿ ಆ ಮೂರು ಪ್ರಶ್ನೆ ಕೇಳಿ. ಉತ್ತರ ಧಾರಾವಾಹಿಯಲ್ಲಿ ಮಾತಾಗಿಯೇ ಬರಬೇಕೆಂದಿಲ್ಲ, ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ. ಉತ್ತರ ಸಿಗದ ಪಾತ್ರವನ್ನು ಕಾಳಗಕ್ಕೆ ಕಳಿಸಬೇಡಿ. ಅವನು ಗೆದ್ದರೂ ಸೋತರೂ ನೋಡುವವರಿಗೆ ಏನೂ ಅನಿಸುವುದಿಲ್ಲ.

• ದೊಡ್ಡ ಯುದ್ಧಕ್ಕೆ ಸಣ್ಣ ಕಾರಣ ಹುಡುಕಿ. ನಂಜುಂಡ ಕವಿಯ ಕಾವ್ಯದಲ್ಲೂ ನಮ್ಮ ಆಟಗಳಲ್ಲೂ ಬರುವ ಕುಮಾರರಾಮನ ಕಥೆ ತಿರುಗುವುದು ಒಂದು ಚೆಂಡಿನ ಮೇಲೆ. ಚೆಂಡು ಕಿರಿಯ ತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ, ರಾಮ ತರಲು ಹೋಗುತ್ತಾನೆ, ಅವಳ ಬಯಕೆಯನ್ನು ನಿರಾಕರಿಸುತ್ತಾನೆ, ಸುಳ್ಳು ಆರೋಪಕ್ಕೆ ಗುರಿಯಾಗುತ್ತಾನೆ. ತಂದೆ ಕಂಪಿಲರಾಯನೇ ತಲೆ ಕಡಿಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ನೆಲಮನೆಯಲ್ಲಿ ಬಚ್ಚಿಡುತ್ತಾನೆ. ದೆಹಲಿಯ ದಂಡು ಮತ್ತೆ ಬಂದಾಗ ಮಗನನ್ನು ಕೊಲ್ಲಿಸಿದೆನೆಂದು ರಾಯ ಪರಿತಪಿಸುತ್ತಾನೆ. ಆಗ ರಾಮ ಹೊರಬರುತ್ತಾನೆ. ಆ ಕೊನೆಯ ಯುದ್ಧದಲ್ಲಿ ಜನ ನೋಡುವುದು ಕತ್ತಿಯ ಕೈಚಳಕವನ್ನಷ್ಟೇ ಅಲ್ಲ. ತನ್ನನ್ನು ಕೊಲ್ಲಲು ಹೇಳಿದ ತಂದೆಗಾಗಿ ಕಾದುವ ಮಗನನ್ನು ನೋಡುತ್ತಾರೆ. ಮನೆಯೊಳಗಿನ ನೋವು ರಣರಂಗಕ್ಕೆ ಹೋಗಬೇಕು, ಇದೇ ಕಟ್ಟುವ ಕ್ರಮ.

• ಸೈನ್ಯ ಹೊರಗೆ ಇರಲಿ, ಕಥೆ ಒಳಗೆ ಇರಲಿ. ಹಂಪಿಯ ಹಜಾರರಾಮ ಗುಡಿಗೆ ಕಾಗದ ಪೆನ್ನು ಹಿಡಿದು ಹೋಗಿ. ಪ್ರಾಕಾರದ ಹೊರಮೈಯಲ್ಲಿ ಸಾಲುಸಾಲಾಗಿ ಆನೆ, ಕುದುರೆ, ಸೈನಿಕರು, ನರ್ತಕಿಯರು, ಕಣ್ಣಿಗೆ ಹಬ್ಬ. ಒಳಗೆ ಹೋದರೆ ಗರ್ಭಗುಡಿಯ ಸುತ್ತಿನ ಗೋಡೆಗಳ ಮೇಲೆ ರಾಮಾಯಣ. ಹೊರಗಿನ ವೈಭವ ದಾರಿಹೋಕನನ್ನು ನಿಲ್ಲಿಸುತ್ತದೆ, ಒಳಗಿನ ಕಥೆ ಅವನನ್ನು ಸುತ್ತು ಹಾಕಿಸುತ್ತದೆ. ನಿಮ್ಮ ಕಂತಿನ ಮೊದಲ ಐದು ನಿಮಿಷ ಹೊರಗೋಡೆಯಾಗಿರಲಿ. ಆದರೆ ನೋಡುಗನನ್ನು ಅಲ್ಲೇ ಬಿಟ್ಟುಬಿಡಬೇಡಿ.

• ಒಂದೇ ಒಂದು ಹೊಸ ಸಂಗತಿ ಸಾಕು. ಕಾಲಯಾನವೂ ಇದೆ, ಅನ್ಯಗ್ರಹದವರೂ ಇದ್ದಾರೆ, ಮಾತಾಡುವ ಯಂತ್ರವೂ ಇದೆ ಎಂದರೆ ವಿವರಣೆ ಕೊಡುವುದರಲ್ಲೇ ಕಂತು ಮುಗಿಯುತ್ತದೆ. ಒಂದನ್ನು ಆರಿಸಿ, ಅದು ಒಂದು ಮನೆಯಲ್ಲಿ ಏನು ಮಾಡುತ್ತದೆ ಎಂದು ನೋಡಿ. 2024ರಲ್ಲಿ ಬಂದ ಕನ್ನಡದ ‘ಬ್ಲಿಂಕ್’ ಸಿನಿಮಾ ಕಾಲಯಾನವೊಂದನ್ನೇ ಹಿಡಿದು ಒಬ್ಬ ಹುಡುಗನ ಕುಟುಂಬದ ಗಂಟಿನೊಳಗೆ ಇಳಿಯಿತು. ದೊಡ್ಡ ಸೆಟ್ಟಿಲ್ಲದೆ ಜನರನ್ನು ಹಿಡಿದು ಕೂರಿಸಿತು. ನಮ್ಮಲ್ಲೇ ವಿರೂಪಾಕ್ಷ ಗುಡಿಯ ಒಳಗೆ ಸಣ್ಣ ಕಿಂಡಿಯಿಂದ ಬೆಳಕು ಹಾದು ರಾಯಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಅಲ್ಲಿ ಒಂದು ದಿನ ಇವತ್ತಿನ ಗೋಪುರದ ಬದಲು ಬೇರೆ ಯಾವುದೋ ಕಾಲದ ಗೋಪುರ ಕಾಣಿಸಿತು ಎನ್ನಿ. ಅಷ್ಟರಲ್ಲೇ ಒಂದು ಸೀಸನ್ನಿನ ಕಥೆ ಇದೆ.

• ಗಡುವು ಇಡಿ, ಆದರೆ ಗಡುವಿನೊಳಗೆ ಮನುಷ್ಯರನ್ನು ಇಡಿ. ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಹೊರದೇಶದ ಬಾಹ್ಯಾಕಾಶ ಧಾರಾವಾಹಿಯ ಮೊದಲ ಕಂತಿನಲ್ಲಿ ವೈರಿಗಳು 33 ನಿಮಿಷಕ್ಕೊಮ್ಮೆ ದಾಳಿ ಮಾಡುತ್ತಾರೆ. ದಿನಗಟ್ಟಲೆ ಯಾರಿಗೂ ನಿದ್ದೆ ಇಲ್ಲ. ದಾಳಿಯ ದೃಶ್ಯ ಕಡಿಮೆ. ನಿದ್ದೆಗೆಟ್ಟ ಕಣ್ಣು, ಸಿಡುಕು, ತಪ್ಪಾಗಿ ಓದಿದ ಲೆಕ್ಕ ಇವೇ ಜಾಸ್ತಿ. ಕೊನೆಗೆ ಜನರಿರಬಹುದಾದ ತಮ್ಮದೇ ಹಡಗಿನ ಮೇಲೆ ಗುಂಡು ಹಾರಿಸಬೇಕಾಗಿ ಬರುತ್ತದೆ. ಸಾಹಸವೂ ಅದೇ, ಪಾತ್ರವೂ ಅದೇ. ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಹಾಗೆ ಬರೆಯಿರಿ.

• ನಮ್ಮ ಡ್ಯಾಂ ಕಲಿಸಿದ್ದನ್ನು ಮರೆಯಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯ. ಒಂದೇ ಕಡೆ ಒತ್ತಡ ಬೀಳದಂತೆ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕು. ಬಿಟ್ಟಷ್ಟೂ ರೈತರ ಬೆಳೆಯ ನೀರು ಹೋಗುತ್ತದೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಹಲಗೆ ಇಳಿಸಿ ಸುಮಾರು ಒಂದು ವಾರದಲ್ಲಿ ಗೇಟಿನ ಬಾಯಿ ಮುಚ್ಚಿದರು. ಇದರಲ್ಲಿ ಖಳನಾಯಕನಿಲ್ಲ, ಫೈಟಿಲ್ಲ. ಆದರೂ ನದಿಯ ಎರಡೂ ದಡದ ಜನ ಉಸಿರು ಬಿಗಿಹಿಡಿದು ನೋಡಿದರು. ಇದನ್ನೇ ಮುಂದಿನ ಶತಮಾನಕ್ಕೆ ಒಯ್ಯಿರಿ: ಗೇಟುಗಳನ್ನು ನಡೆಸುವುದು ಒಂದು ಯಂತ್ರಬುದ್ಧಿ, ನೀರು ಬಿಡು ಎನ್ನುತ್ತದೆ ಅದರ ಲೆಕ್ಕ. ಗುಂಡಿ ಒತ್ತಬೇಕಾದ ಎಂಜಿನಿಯರ್ ಹುಡುಗಿಯ ತಂದೆಯ ಗದ್ದೆ ಕಾಲುವೆಯ ಕೊನೆಯಲ್ಲಿದೆ, ಅವಳ ಅಕ್ಕನ ಮನೆ ಕಂಪ್ಲಿಯ ಹೊಳೆದಂಡೆಯಲ್ಲಿದೆ. ಹೆಚ್ಚು ನೀರು ಬಿಟ್ಟರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ಈಗಲೂ ಉಂಟು. ಈಗ ಅವಳ ಕೈ ಯಾವ ಕಡೆ ಹೋಗುತ್ತದೆ?

• ಎದುರಾಳಿಗೂ ಮಾತು ಕೊಡಿ. ನಾವು ಕಿಷ್ಕಿಂಧೆಯವರು. ವಾಲಿ ಸುಗ್ರೀವರ ಕಾಳಗಕ್ಕಿಂತ ಹೆಚ್ಚು ಕಾಲ ಜನರ ಮನಸ್ಸಿನಲ್ಲಿ ಉಳಿದದ್ದು, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆಂದು ಸಾಯುವ ವಾಲಿ ರಾಮನನ್ನು ಕೇಳಿದ ಪ್ರಶ್ನೆ. 1966ರಲ್ಲಿ ಬಂದ ‘ಸ್ಟಾರ್ ಟ್ರೆಕ್’ನ ಒಂದು ಕಂತಿನಲ್ಲೂ ಎರಡು ಹಡಗುಗಳ ನಾಯಕರು ಒಬ್ಬರನ್ನೊಬ್ಬರು ಬೇಟೆಯಾಡುತ್ತಾ ಒಬ್ಬರನ್ನೊಬ್ಬರು ಗೌರವಿಸಲು ಕಲಿಯುತ್ತಾರೆ. ಸೋತವನ ಪ್ರಶ್ನೆಗೆ ಗೆದ್ದವನ ಬಳಿ ಸುಲಭ ಉತ್ತರ ಇರಬಾರದು.

• ಕಾಳಗ ಮುಗಿದ ಮೇಲೆ ನಾಯಕನನ್ನು ಮನೆಗೆ ಕಳಿಸಿ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ನಲ್ಲಿ ಯಂತ್ರಮಾನವರ ಕೈಗೆ ಸಿಕ್ಕು ಬಿಡುಗಡೆಯಾದ ಕ್ಯಾಪ್ಟನ್ ಪಿಕಾರ್ಡ್, 1990ರಲ್ಲಿ ಬಂದ ಮುಂದಿನ ಕಂತಿನಲ್ಲಿ ದ್ರಾಕ್ಷಿ ಬೆಳೆಯುವ ಅಣ್ಣನ ಊರಿಗೆ ಹೋಗುತ್ತಾನೆ. ಅಣ್ಣತಮ್ಮಂದಿರು ಕೆಸರಿನಲ್ಲಿ ಹೊಡೆದಾಡುತ್ತಾರೆ, ಆಗ ಪಿಕಾರ್ಡ್‌ನ ಅಳು ಕಟ್ಟೆಯೊಡೆಯುತ್ತದೆ. ಹಿಂದಿನ ಕಂತಿನ ಮಹಾಯುದ್ಧದ ಬೆಲೆ ತಿಳಿಯುವುದು ಇಲ್ಲಿ. ಪ್ರತಿ ದೊಡ್ಡ ಸಾಹಸದ ನಂತರ ಇಂಥ ಒಂದು ಜಾಗ ಬಿಡಿ.

• ಪಾತ್ರ ಎಂದರೆ ಕಣ್ಣೀರು ಎಂದು ತಿಳಿಯಬೇಡಿ. ಒಂದು ಮಾತಿಗೆ ಐದು ಮುಖಗಳ ಮೇಲೆ ಕ್ಯಾಮೆರಾ ಹಾಯಿಸುವುದರಿಂದ ಪಾತ್ರ ಬೆಳೆಯುವುದಿಲ್ಲ. ಮನುಷ್ಯ ತನ್ನ ಕೆಲಸದಲ್ಲಿ ಕಾಣಿಸುತ್ತಾನೆ. ಸಂಡೂರಿನ ಲಂಬಾಣಿ ಕಸೂತಿಯ ಹೆಣ್ಣುಮಗಳು ಗಗನಯಾತ್ರಿಯ ಹರಿದ ಉಡುಪನ್ನು ಹೊಲಿಯುವಾಗ ಅವಳ ಕೈ ಎಷ್ಟು ನಿಧಾನ, ಎಷ್ಟು ಖಚಿತ ಎಂದು ತೋರಿಸಿ. ಅದಿರು ಗಣಿಯಲ್ಲಿ ದುಡಿದವನು ಬೇರೆ ಗ್ರಹದ ಕೆಂಪು ಮಣ್ಣನ್ನು ಕೈಗೆ ಹಾಕಿಕೊಂಡು ತೂಕ ನೋಡಲಿ. ಮಾತೇ ಬೇಡ.

• ವಾದವೂ ಕಾಳಗವೇ. 1989ರ ಒಂದು ‘ನೆಕ್ಸ್ಟ್ ಜನರೇಶನ್’ ಕಂತು ಪೂರ್ತಿ ಒಂದು ವಿಚಾರಣೆ: ಡೇಟಾ ಎಂಬ ಯಂತ್ರಮಾನವ ಇಲಾಖೆಯ ಸ್ವತ್ತೋ, ತನ್ನ ಬದುಕಿಗೆ ತಾನೇ ಒಡೆಯನೋ? ಅವನ ವಿರುದ್ಧ ವಾದಿಸಬೇಕಾದವನು ಅವನ ಗೆಳೆಯನೇ. ಗುಂಡು ಹಾರುವುದಿಲ್ಲ, ಎದೆ ಹಾರುತ್ತದೆ. ಹಣ ಮುಗಿದಾಗ ಇಂಥ ಕಂತು ಬರೆಯಿರಿ.

• ಹಣವಿಲ್ಲದ್ದನ್ನು ಕಥೆಯ ಬಲವಾಗಿ ಮಾಡಿಕೊಳ್ಳಿ. ‘ಸ್ಟಾರ್ ಟ್ರೆಕ್’ನವರು ಮನುಷ್ಯರನ್ನು ಕ್ಷಣದಲ್ಲಿ ಸಾಗಿಸುವ ಯಂತ್ರ ತಂದದ್ದು, ಪ್ರತಿ ಕಂತಿನಲ್ಲೂ ಹಡಗು ಇಳಿಸುವ ಖರ್ಚು ಕೈಗೆಟುಕದ ಕಾರಣಕ್ಕೆ. ಅದೇ ಮುಂದೆ ಅವರ ಗುರುತಾಯಿತು. ಹತ್ತು ಕಂತಿಗೆ ಎರಡು ದೊಡ್ಡ ಸಾಹಸ ದೃಶ್ಯ ಸಾಕು. ಆ ಎರಡನ್ನು ಚೆನ್ನಾಗಿ ಮಾಡಿ.

• ನಗುವಿಗೆ ಜಾಗ ಬಿಡಿ. ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ ಹೋಗುತ್ತಾರೆ. ರಾತ್ರಿಯಿಡೀ ಕೂತ ಜನರಿಗೆ ಅದು ಉಸಿರು. ನಿಮ್ಮ ಆಕಾಶನೌಕೆಯಲ್ಲೂ ಒಬ್ಬ ಬಂಗಾರಕ್ಕ ಇರಲಿ.

• ನಮ್ಮ ಮಾತಿನಲ್ಲೇ ಬರೆಯಿರಿ. ತೆಲುಗು, ಉರ್ದು ಬೆರೆತ ನಮ್ಮ ಕಡೆಯ ಕನ್ನಡಕ್ಕೆ ತನ್ನದೇ ವೇಗ ಇದೆ. ಅಪಾಯದ ಹೊತ್ತಿನಲ್ಲಿ ಹೊಸಪೇಟೆಯ ಪೈಲಟ್ ಪುಸ್ತಕದ ಕನ್ನಡ ಆಡುವುದಿಲ್ಲ. “ಅಣ್ಣಾ, ಲಗೂನ ಬಾ, ಇದು ನಿಲ್ಲಂಗಿಲ್ಲ” ಎನ್ನುತ್ತಾಳೆ. ಅಷ್ಟರಲ್ಲಿ ಅವಳು ಯಾರ ತಂಗಿ, ಯಾವ ಊರಿನವಳು, ಎಷ್ಟು ಹೆದರಿದ್ದಾಳೆ ಎಲ್ಲವೂ ತಿಳಿಯುತ್ತದೆ.

• ಹಂಪಿಯ ಕಲ್ಲಿಗೆ ನೋವಾಗಬಾರದು. ಹಂಪಿ 1986ರಿಂದ ವಿಶ್ವ ಪರಂಪರೆಯ ತಾಣ. ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಡ್ರೋನಿಗೂ ಬೇಕು. ಓಟ, ಜಿಗಿತ, ಸ್ಫೋಟದ ದೃಶ್ಯಗಳನ್ನು ಸ್ಮಾರಕದ ಬಳಿ ಇಟ್ಟುಕೊಳ್ಳಲೇಬೇಡಿ. ಮಂಟಪಗಳಲ್ಲಿ ಪಾತ್ರಗಳು ಮಾತಾಡಲಿ, ಮೌನವಾಗಿ ಕೂರಲಿ. ಕಥೆಗೂ ಅದು ಒಳ್ಳೆಯದು.

• ಬರೆದದ್ದನ್ನು ಹೀಗೆ ಪರೀಕ್ಷೆ ಮಾಡಿ. ಸಾಹಸ ದೃಶ್ಯಗಳಿಗೆ ಕೆಂಪು ಗೆರೆ, ಪಾತ್ರದ ದೃಶ್ಯಗಳಿಗೆ ನೀಲಿ ಗೆರೆ ಎಳೆಯಿರಿ. ಕೆಂಪು ದೃಶ್ಯವನ್ನು ತೆಗೆದರೂ ಯಾರ ಬದುಕೂ ಬದಲಾಗದಿದ್ದರೆ ಅದನ್ನು ಹೊಡೆದುಹಾಕಿ. ನೀಲಿ ದೃಶ್ಯ ಮುಗಿದಾಗ ಯಾರೂ ಏನನ್ನೂ ಮಾಡಲು ಹೊರಡದಿದ್ದರೆ ಅದನ್ನೂ ಹೊಡೆದುಹಾಕಿ. ಎರಡು ಗೆರೆಯೂ ಬೀಳುವ ದೃಶ್ಯಗಳೇ ನಿಮ್ಮ ಧಾರಾವಾಹಿಯ ಜೀವ. ಆಮೇಲೆ ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿ. ಎಲ್ಲಿ ಅವರ ಗಮನ ತಪ್ಪುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ.

• ಊರಿನ ಕಲಾವಿದರನ್ನು ಕರೆಯಿರಿ. ಡ್ಯಾಂ ಕಟ್ಟಿದಾಗ ನಾರಾಯಣದೇವರಕೆರೆ ಎಂಬ ಊರು ಮುಳುಗಿತು. ಅಲ್ಲಿಯ ಜನ ನೆಲೆಸಿದ ಮರಿಯಮ್ಮನಹಳ್ಳಿ ಇಂದು ರಂಗಕಲೆಗೆ ಹೆಸರಾದ ಊರು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಅವರು ಬೆಳೆದುಬಂದ ಕಲೆಯ ನೆಲ ಅದು. ಕಾಲು ಹೆಜ್ಜೆ ಹಾಕುವಾಗಲೇ ಮುಖ ಕಥೆ ಹೇಳುವ ವಿದ್ಯೆ ಅಲ್ಲಿಯವರಿಗೆ ಗೊತ್ತು. ನಿಮ್ಮ ಫೈಟು ಮಾಸ್ತರನ ಜೊತೆ ಒಬ್ಬ ದೊಡ್ಡಾಟದ ಮಾಸ್ತರನೂ ತಾಲೀಮಿನಲ್ಲಿ ಇರಲಿ.

ಮಕ್ಕಳೇ, ತಂತ್ರಜ್ಞಾನ ವರ್ಷವರ್ಷವೂ ಅಗ್ಗವಾಗುತ್ತದೆ. ಇವತ್ತಿನ ಗ್ರಾಫಿಕ್ಸು ನಾಳೆಗೆ ಹಳತು. ಸರಿಯಾದ ಮನುಷ್ಯನನ್ನು ಸರಿಯಾದ ಇಕ್ಕಟ್ಟಿನಲ್ಲಿ ನಿಲ್ಲಿಸಿದ ದೃಶ್ಯ ಮಾತ್ರ ಹಳತಾಗುವುದಿಲ್ಲ. ಇಡೀ ಸೀಸನ್ನಿನ ಕನಸು ಈಗಲೇ ಬೇಡ. ನಿಮ್ಮೂರಿನ ಒಂದು ಜಾಗ, ಒಂದು ಹೊಸ ಸಂಗತಿ, ಕಷ್ಟದ ಆಯ್ಕೆಯ ಮುಂದೆ ನಿಂತ ಒಬ್ಬ ವ್ಯಕ್ತಿ, ಇಷ್ಟನ್ನೇ ಹಿಡಿದು ಇಪ್ಪತ್ತು ನಿಮಿಷದ ಒಂದು ಕಂತು ಬರೆಯಿರಿ. ಇವತ್ತೇ ಶುರುಮಾಡಿ.