ಪೌಲನ ಸೋದರಳಿಯ ಕೇಳಿಸಿಕೊಂಡ ಮಾತು

ಓದುವ ಭಾಗ: ಅಪೊಸ್ತಲರ ಕೃತ್ಯಗಳು 23:11-35
(ಪೊನ್ನಂಪೇಟೆ ಯೌವನಸ್ಥರ ಕೂಟದಲ್ಲಿ ಕೊಟ್ಟ ಪಾಠದ ಬರಹರೂಪ)

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ನಿದ್ದೆಗಣ್ಣಲ್ಲೇ ಕೂತಿರುವವರು ಇದ್ದೀರಿ, ಮೈಸೂರಿನಿಂದ ಬೆಳಿಗ್ಗೆ ಬಂದವರೂ ಇದ್ದೀರಿ. ಎಲ್ಲರೂ ಬೈಬಲ್ ತೆರೆಯಿರಿ. ಫೋನಿನಲ್ಲಿ ಓದುವವರು ನೆಟ್ ಆಫ್ ಮಾಡಿ ಓದಿ.

ಈ ವಿಷಯ ನಾನು ಆರಿಸಿದ್ದಲ್ಲ. ಹೋದ ಕೂಟದಲ್ಲಿ ನೀವು ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: "ಮೆಟ್ರೋದಲ್ಲಿ ಯಾರಾದರೂ ಬ್ಯಾಗ್ ಕೆಳಗಿಟ್ಟು ಆಚೆ ಸರಿದರೆ ನನಗೆ ಎದೆ ಹೊಡ್ಕೊಳ್ಳುತ್ತೆ. ಇದು ಅವಿಶ್ವಾಸವಾ?" ಹೆಸರು ಬರೆದಿರಲಿಲ್ಲ. ಯಾರೇ ಆಗಿರಲಿ, ಅದಕ್ಕೆ ಮೊದಲು ಉತ್ತರ ಹೇಳಿಬಿಡ್ತೀನಿ: ಅಲ್ಲ. ಎದೆ ಹೊಡೆದುಕೊಳ್ಳೋದು ದೇವರು ಕೊಟ್ಟ ದೇಹದ ಕೆಲಸ. ಆ ಎದೆ ಹೊಡೆತ ಆದ ಮೇಲೆ ನಾವು ಏನು ಮಾಡ್ತೀವಿ, ಅಲ್ಲಿಂದ ವಿಶ್ವಾಸದ ಪ್ರಶ್ನೆ ಶುರು.

ಭಯ ಸುಮ್ಮನೆ ಬಂದಿದ್ದೂ ಅಲ್ಲ. 2024ರ ಮಾರ್ಚ್ 1, ಶುಕ್ರವಾರ, ಮಧ್ಯಾಹ್ನ ಊಟದ ಹೊತ್ತು. ಬೆಂಗಳೂರಿನ ಕುಂದಲಹಳ್ಳಿ ಹತ್ತಿರದ ರಾಮೇಶ್ವರಂ ಕೆಫೆಯಲ್ಲಿ ಒಬ್ಬ ಬಂದ, ತಿಂಡಿ ತಗೊಂಡ, ಬ್ಯಾಗ್ ಇಟ್ಟು ಹೊರಟುಹೋದ. ಸ್ವಲ್ಪ ಹೊತ್ತಿಗೆ ಅದು ಸಿಡಿಯಿತು. ಹತ್ತರಷ್ಟು ಜನ ಗಾಯಗೊಂಡರು, ದೇವರ ದಯೆಯಿಂದ ಯಾರೂ ಸಾಯಲಿಲ್ಲ. ನಿಮ್ಮಲ್ಲಿ ಎಷ್ಟೋ ಜನ ವೈಟ್‌ಫೀಲ್ಡ್ ಕಡೆ ಕೆಲಸ ಮಾಡ್ತೀರಿ, ಅದೇ ದಾರಿಯಲ್ಲಿ ಓಡಾಡ್ತೀರಿ. ಅದಕ್ಕೂ ಹಿಂದೆ 2014ರ ಡಿಸೆಂಬರ್ 28ರ ಭಾನುವಾರ ರಾತ್ರಿ ಚರ್ಚ್ ಸ್ಟ್ರೀಟ್‌ನಲ್ಲಿ ಸ್ಫೋಟವಾಗಿ ಒಬ್ಬ ಸಹೋದರಿ ಪ್ರಾಣ ಕಳಕೊಂಡರು. 2013ರಲ್ಲಿ ಮಲ್ಲೇಶ್ವರ, 2010ರಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ. 2008ರ ಜುಲೈ 25ರಂದು ಒಂದೇ ದಿನ ನಗರದ ಬೇರೆ ಬೇರೆ ಕಡೆ ಸಾಲಾಗಿ ಸ್ಫೋಟಗಳು. ಮಡಿವಾಳದ ಬಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾದಿದ್ದ ಹೆಂಗಸೊಬ್ಬರು ಸತ್ತರು. ಆ 2008ರ ಕೇಸಿನಲ್ಲಿ ಪೊಲೀಸರು ಮಾಡಿದ ಆರೋಪದಲ್ಲಿ, ಸಂಚು ನಡೆದ ಜಾಗ ಅಂತ ನಮ್ಮ ಕೊಡಗಿನ ಒಂದು ತೋಟದ ಹೆಸರೂ ಬಂತು. ಭಯ ಬೆಂಗಳೂರಿನಲ್ಲಿ, ನೆಮ್ಮದಿ ಊರಿನಲ್ಲಿ ಅಂತ ಗೆರೆ ಎಳೆದುಕೊಂಡಿದ್ದರೆ, ಆ ಗೆರೆ ಅಷ್ಟು ಗಟ್ಟಿಯಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ಕೆಫೆ ಘಟನೆ ಆದ ಮೇಲೆ ಸಾಕ್ಷಿಗಳನ್ನು ಕೇಳಿದ್ದೇನೆ. "ಅಂದು ನಾನೂ ಅಲ್ಲಿಗೆ ಹೋಗಬೇಕಿತ್ತು ಪಾಸ್ಟರ್, ಆದ್ರೆ ಮೀಟಿಂಗ್ ತಡವಾಯ್ತು, ಕರ್ತನು ತಪ್ಪಿಸಿದನು." ಕೂಡಿದವರೆಲ್ಲ ಹಲ್ಲೆಲೂಯಾ ಅಂದರು. ಸ್ತೋತ್ರ ಹೇಳೋದು ಸರಿಯೇ, ಅದನ್ನು ನಾನು ತಡೆಯೋದಿಲ್ಲ. ಆದರೆ ಅಂದು ಮೀಟಿಂಗ್ ಬೇಗ ಮುಗಿದು ಊಟಕ್ಕೆ ಹೋದವರು ಯಾರು? ಅವರ ಮನೆಯಲ್ಲಿ ಪ್ರಾರ್ಥನೆ ಇರಲಿಲ್ಲವಾ? ಸುಟ್ಟ ಗಾಯದಲ್ಲಿ ಮಲಗಿದ ಮಗಳ ತಾಯಿ ನಮ್ಮ ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದರೆ, ನಮ್ಮ ಸಾಕ್ಷಿ ಅವಳ ಕಿವಿಗೆ ಹೇಗೆ ಬೀಳುತ್ತಿತ್ತು?

ಲೂಕ 13ನೇ ಅಧ್ಯಾಯದಲ್ಲಿ ಜನ ಯೇಸುವಿನ ಹತ್ತಿರ ಇಂಥದ್ದೇ ಸುದ್ದಿ ತಂದರು. ಪಿಲಾತನು ಗಲಿಲಾಯದವರನ್ನು ಯಜ್ಞ ಅರ್ಪಿಸುವ ಹೊತ್ತಿನಲ್ಲೇ ಕೊಲ್ಲಿಸಿದ್ದ. ಪೂಜಾಸ್ಥಳದಲ್ಲೇ ರಕ್ತ. ಯೇಸು ಅದರ ಜೊತೆಗೆ ಇನ್ನೊಂದನ್ನು ತಾನೇ ಸೇರಿಸಿದನು: ಸಿಲೊವಾಮಿನ ಬುರುಜು ಬಿದ್ದು ಹದಿನೆಂಟು ಜನ ಸತ್ತದ್ದು. ಸತ್ತವರು ಉಳಿದವರಿಗಿಂತ ಪಾಪಿಗಳು ಎಂಬ ಲೆಕ್ಕವನ್ನು ಆತನು ಒಪ್ಪಲಿಲ್ಲ. ಉಳಿದವರು ಹೆಚ್ಚು ಭಕ್ತರು ಎಂಬ ಲೆಕ್ಕವೂ ಅದೇ ಪುಸ್ತಕದ ಇನ್ನೊಂದು ಪುಟ, ಅದನ್ನೂ ನಾವು ಮುಚ್ಚಬೇಕು.

ಹಾಗಾದರೆ ಕೀರ್ತನೆ 91? ನಿಮ್ಮಲ್ಲಿ ಕೆಲವರ ಫೋನಿನ ವಾಲ್‌ಪೇಪರೇ ಅದು. ಪ್ರೀತಿಯ ಕೀರ್ತನೆ, ನಾನೂ ರಾತ್ರಿ ಅದನ್ನು ಓದಿ ಮಲಗ್ತೀನಿ. ಆದರೆ ಮತ್ತಾಯ 4ರಲ್ಲಿ ದೇವಾಲಯದ ತುದಿಯಲ್ಲಿ ನಿಂತು ಆ ಕೀರ್ತನೆಯನ್ನು ಹೇಳಿದ್ದು ಯಾರು ನೋಡಿ. ಸೈತಾನನು! ಹಾರು, ದೂತರು ಹಿಡಿಯುತ್ತಾರೆ ಅಂದ. ಕರ್ತನು ಹಾರಲಿಲ್ಲ, ದೇವರನ್ನು ಪರೀಕ್ಷಿಸಬಾರದು ಅಂದನು. ವಾಗ್ದಾನ ನಿಜ. ಅದನ್ನು ಅಜಾಗರೂಕತೆಗೆ ಪಾಸ್ ಮಾಡಿಕೊಳ್ಳೋದು ಮಾತ್ರ ನಮ್ಮ ಕರ್ತನ ದಾರಿ ಅಲ್ಲ.

ಈಗ ಪೌಲನ ಹತ್ತಿರ ಬರೋಣ. ಅಪೊಸ್ತಲರ ಕೃತ್ಯಗಳು 23, ಹನ್ನೊಂದನೇ ವಚನ. ಯೆರೂಸಲೇಮಿನ ಕೋಟೆಯಲ್ಲಿ ಪೌಲ ಬಂಧಿಯಾಗಿದ್ದಾನೆ. ರಾತ್ರಿ ಕರ್ತನು ಅವನ ಹತ್ತಿರ ನಿಂತು ಧೈರ್ಯ ಹೇಳ್ತಾನೆ: ನೀನು ರೋಮ್‌ನಲ್ಲೂ ನನ್ನ ವಿಷಯ ಸಾಕ್ಷಿ ಹೇಳಬೇಕು. ಇದಕ್ಕಿಂತ ಸ್ಪಷ್ಟವಾದ ವಾಗ್ದಾನ ಬೇಕಾ? ಮರುದಿನ ಬೆಳಗಾದರೆ ಹನ್ನೆರಡನೇ ವಚನ: ನಲವತ್ತಕ್ಕಿಂತ ಹೆಚ್ಚು ಗಂಡಸರು ಸೇರಿ, ಪೌಲನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟೋದಿಲ್ಲ ಅಂತ ಶಪಥ ಮಾಡಿದ್ದಾರೆ. ಗುಪ್ತ ಗುಂಪು, ಧರ್ಮದ ಹೆಸರಿನ ಆಣೆ, ದಾರಿಯಲ್ಲಿ ಹೊಂಚು. ಇವತ್ತಿನ ಪೇಪರಿನಲ್ಲಿ ಓದುವ ಸುದ್ದಿಗೂ ಇದಕ್ಕೂ ಏನು ದೂರ?

ಆ ಮಾತು ಪೌಲನ ಸೋದರಳಿಯನ ಕಿವಿಗೆ ಬಿತ್ತು. ಅವನ ಹೆಸರು ಬೈಬಲ್‌ನಲ್ಲಿ ಇಲ್ಲ. ಯೌವನಸ್ಥ ಅಂತ ಮಾತ್ರ ಇದೆ, ಅಂದರೆ ನಿಮ್ಮ ವಯಸ್ಸು. ಅವನೇನು ಮಾಡಿದ, ನಿಧಾನವಾಗಿ ನೋಡಿ. ಬೀದಿಯಲ್ಲಿ ಕೂಗಲಿಲ್ಲ. ನೇರ ಕೋಟೆಗೆ ಹೋಗಿ ಮಾವನಿಗೆ ಹೇಳಿದ. ಪೌಲ "ಕರ್ತನು ರಾತ್ರಿಯೇ ಮಾತು ಕೊಟ್ಟಿದ್ದಾನೆ, ನೀನು ಮನೆಗೆ ಹೋಗಿ ಪ್ರಾರ್ಥನೆ ಮಾಡಪ್ಪ" ಅನ್ನಲಿಲ್ಲ. ಶತಾಧಿಪತಿಯನ್ನು ಕರೆದು, ಈ ಹುಡುಗನನ್ನು ಸಹಸ್ರಾಧಿಪತಿಯ ಹತ್ತಿರ ಕರಕೊಂಡು ಹೋಗಿ ಅಂದ. ಆ ಅಧಿಕಾರಿ, ರೋಮ್‌ನವನು, ವಿಶ್ವಾಸಿ ಅಲ್ಲ, ಹುಡುಗನ ಕೈಹಿಡಿದು ಪಕ್ಕಕ್ಕೆ ಕರಕೊಂಡು ಹೋಗಿ ಪೂರ್ತಿ ಕೇಳಿದ. ಆ ಕೈಹಿಡಿದದ್ದು ನನಗೆ ಬಹಳ ಇಷ್ಟ. ಹೆದರಿದ ಹುಡುಗನ ಮಾತು ಕೇಳುವ ಅಧಿಕಾರಿಗಳು ಅಂದೂ ಇದ್ದರು. ಆಮೇಲೆ ಒಂದು ಮಾತು ಹೇಳಿ ಕಳಿಸಿದ: ನನಗೆ ತಿಳಿಸಿದ್ದನ್ನು ಬೇರೆ ಯಾರಿಗೂ ಹೇಳಬೇಡ.

ಅದೇ ರಾತ್ರಿ ಒಂಬತ್ತು ಗಂಟೆಗೆ 200 ಸಿಪಾಯಿಗಳು, 70 ಕುದುರೆಯವರು, 200 ಭರ್ಜಿಯವರು ಪೌಲನನ್ನು ಕೈಸರೈಯಕ್ಕೆ ಹೊರಡಿಸಿದರು. ಒಬ್ಬ ಬಂಧಿಗೆ 470 ಜನರ ಕಾವಲು! ಕರ್ತನ ವಾಗ್ದಾನ ನೆರವೇರಿದ್ದು ಹೀಗೆ: ಒಬ್ಬ ಹುಡುಗನ ಕಿವಿ, ಒಬ್ಬ ಅನ್ಯ ಅಧಿಕಾರಿಯ ತಲೆ, ಒಂದಷ್ಟು ಕುದುರೆಗಳು. ನೆಹೆಮೀಯ 4ರಲ್ಲೂ ಇದೇ. ಅವರು ಪ್ರಾರ್ಥನೆ ಮಾಡಿದರು, ಕಾವಲೂ ಇಟ್ಟರು. ಎರಡೂ ಒಂದೇ ವಚನದಲ್ಲಿ ಬರ್ತವೆ.

ಈಗ ಆ ಹುಡುಗನನ್ನು 2012ರ ಆಗಸ್ಟ್ ತಿಂಗಳ ಬೆಂಗಳೂರಿನಲ್ಲಿ ನಿಲ್ಲಿಸಿ ನೋಡೋಣ. ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಇಲ್ಲಿ ಎಸ್‌ಎಂಎಸ್‌ಗಳು ಹರಿದಾಡಿದವು: ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ, ಊರು ಬಿಡಿ ಅಂತ. ಆಗಸ್ಟ್ 15ರಿಂದ ಸಾವಿರಾರು ಹುಡುಗ ಹುಡುಗಿಯರು ಬ್ಯಾಗ್ ಹಿಡಿದು ಬೆಂಗಳೂರು ರೈಲ್ವೆ ಸ್ಟೇಷನ್‌ಗೆ ನುಗ್ಗಿದರು. ಸೆಕ್ಯೂರಿಟಿ ಕೆಲಸದವರು, ಬ್ಯೂಟಿ ಪಾರ್ಲರ್‌ನವರು, ಹೋಟೆಲಿನವರು, ಕಾಲೇಜಿನವರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೊನೆಗೆ ಕೇಂದ್ರ ಸರ್ಕಾರ ಹದಿನೈದು ದಿನ ಬಲ್ಕ್ ಎಸ್‌ಎಂಎಸ್ ನಿಲ್ಲಿಸಿ, ಒಬ್ಬರಿಗೆ ದಿನಕ್ಕೆ ಐದೇ ಮೆಸೇಜ್ ಅಂತ ಮಿತಿ ಹಾಕಿತು. ಎಲ್ಲೂ ಬಾಂಬ್ ಇರಲಿಲ್ಲ. ಬರೀ ಮಾತು ಒಂದು ನಗರವನ್ನು ಖಾಲಿ ಮಾಡಿಸಿತು. ಆ ಮೆಸೇಜ್ ಮುಂದಕ್ಕೆ ಕಳಿಸಿದವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ಗೆಳೆಯರನ್ನು ಉಳಿಸಬೇಕು ಅಂತಲೇ ಕಳಿಸಿದವರು. ಅದೇ ಇದರ ದುಃಖ. ಭಯೋತ್ಪಾದನೆ ಅನ್ನೋ ಪದವನ್ನೇ ಬಿಡಿಸಿ ನೋಡಿ, ಭಯವನ್ನು ಉತ್ಪಾದಿಸೋದು. ಸಿಡಿಮದ್ದು ಅದಕ್ಕೆ ಒಂದು ಸಾಧನ, ನಮ್ಮ ಬೆರಳು ಇನ್ನೊಂದು. ಇವತ್ತು ನಿಮ್ಮ ಗ್ರೂಪಿಗೆ ಅಂಥದ್ದು ಬಂದರೆ ಪೌಲನ ಸೋದರಳಿಯನನ್ನು ನೆನೆಯಿರಿ: ನೇರವಾಗಿ ಗೊತ್ತಿರುವ ವಿಷಯವಾದರೆ 112ಕ್ಕೆ ಫೋನ್ ಮಾಡಿ ಪೊಲೀಸರಿಗೆ ಹೇಳಿ. ಯಾರೋ ಯಾರಿಗೋ ಹೇಳಿದ್ದಾದರೆ ನಿಮ್ಮಲ್ಲೇ ನಿಲ್ಲಿಸಿ. ಪ್ರಾರ್ಥನೆ ಗ್ರೂಪಿಗೂ ಹಾಕಬೇಡಿ. "ಪ್ರಾರ್ಥಿಸಿರಿ" ಅಂತ ಮೇಲೆ ಬರೆದರೆ ಗಾಳಿಸುದ್ದಿ ಪರಿಶುದ್ಧ ಆಗೋದಿಲ್ಲ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಪಾಠ ಅರ್ಧ. ಭಯ ಬಂದಾಗ ನಮ್ಮ ಕಣ್ಣು ಬ್ಯಾಗ್ ನೋಡೋದಿಲ್ಲ, ಮುಖ ನೋಡುತ್ತೆ. ಗಡ್ಡ, ಟೋಪಿ, ಬುರ್ಖಾ, ಹೆಸರು. ನಿಮ್ಮ ಪಿಜಿಯಲ್ಲಿ, ನಿಮ್ಮ ಟೀಮಿನಲ್ಲಿ ಮುಸ್ಲಿಂ ಗೆಳೆಯರು ಇದ್ದಾರೆ. ಒಂದು ಸ್ಫೋಟವಾದ ಮಾರನೇ ದಿನ ಅವರು ಆಫೀಸಿಗೆ ಹೇಗೆ ಬರ್ತಾರೆ ಅಂತ ಯೋಚಿಸಿದ್ದೀರಾ? ಬಾಂಬಿನ ಭಯ ಅವರಿಗೂ ಇದೆ, ಜೊತೆಗೆ ನಮ್ಮ ನೋಟದ ಭಯವೂ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆ ಮನಸ್ಸಿನೊಳಗೆ ಹೇಳುವ ಸಾಕ್ಷಿಗೂ ಅನ್ವಯಿಸುತ್ತೆ ಅಂತ ನಾನು ನಂಬ್ತೀನಿ. ಅನುಮಾನ ಪಡಬೇಕಾದ್ದು ನಡವಳಿಕೆಯನ್ನು. ವಾರಸುದಾರರಿಲ್ಲದ ಬ್ಯಾಗ್, ಇಟ್ಟು ಅವಸರದಲ್ಲಿ ಹೋದ ಮನುಷ್ಯ, ನಿಮ್ಮ ಗುರುತಿನ ಚೀಟಿ ಕೇಳುವ ಅಪರಿಚಿತ.

ಗುರುತಿನ ಚೀಟಿ ಅಂದೆನಲ್ಲ, 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋ ಒಳಗೆ ಕುಕ್ಕರ್ ಬಾಂಬ್ ಸಿಡಿದು, ಪಾಪ, ಆಟೋ ಓಡಿಸುತ್ತಿದ್ದವರೂ ಸುಟ್ಟುಕೊಂಡರು. ಆರೋಪಿಯ ಹತ್ತಿರ ಸಿಕ್ಕಿದ್ದು ಹುಬ್ಬಳ್ಳಿ ಕಡೆಯ ಬೇರೆ ಒಬ್ಬರು ಕಳಕೊಂಡಿದ್ದ ಆಧಾರ್ ಕಾರ್ಡ್. ಅದೇ ಹೆಸರಿನಲ್ಲಿ ಮೈಸೂರಿನಲ್ಲಿ ಮನೆ ಬಾಡಿಗೆ ಹಿಡಿದಿದ್ದ. ಆದ್ದರಿಂದ ಆಧಾರ್ ಕಳೆದರೆ ಅಂದೇ ದೂರು ಕೊಡಿ. ಜೆರಾಕ್ಸ್ ಕೊಟ್ಟರೆ ಯಾವ ಕೆಲಸಕ್ಕೆ ಅಂತ ಅದರ ಮೇಲೇ ಬರೆಯಿರಿ. ನಿಮ್ಮ ಹೆಸರಲ್ಲಿ ಯಾರಿಗೂ ಸಿಮ್ ತೆಗೆದುಕೊಡಬೇಡಿ, ಸಭೆಯವರೇ ಕೇಳಿದರೂ.

ಬ್ಯಾಗ್ ಕಂಡರೆ? ಮುಟ್ಟಬೇಡಿ, ಒದೆಯಬೇಡಿ, ತೆರೆದು ನೋಡುವ ಧೈರ್ಯವಂತೂ ಬೇಡವೇ ಬೇಡ. ಪಕ್ಕದವರನ್ನು ಕರಕೊಂಡು ದೂರ ಸರಿಯಿರಿ, ಅಲ್ಲಿಯ ಸಿಬ್ಬಂದಿಗೆ ಹೇಳಿ, ದೂರ ಹೋದ ಮೇಲೆ 112. ನಿಮ್ಮ ಅನುಮಾನ ಸುಳ್ಳಾದರೆ ನಾಚಿಕೆ ಪಡಬೇಡಿ, ಸುಳ್ಳಾದರೆ ಸ್ತೋತ್ರ. ಮಾಲ್, ಸ್ಟೇಡಿಯಂ, ದೊಡ್ಡ ಕೂಟ ಎಲ್ಲಿಗೆ ಹೋದರೂ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ಒಮ್ಮೆ ನೋಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ನಾನು ಇವತ್ತು ಹೇಳಿದ ಬೆಂಗಳೂರಿನ ಸ್ಫೋಟಗಳಲ್ಲಿ ಸತ್ತವರನ್ನೆಲ್ಲ ಕೂಡಿಸಿದರೂ ಅಷ್ಟು ಆಗೋದಿಲ್ಲ. ಹೆಲ್ಮೆಟ್ ಇಲ್ಲದೆ ಬೈಕ್ ಹತ್ತಿ, ಬಾಂಬಿಗಾಗಿ ಉಪವಾಸ ಪ್ರಾರ್ಥನೆ ಮಾಡುವ ತಮ್ಮಂದಿರು ಇಲ್ಲೂ ಇದ್ದೀರಿ, ನಗಬೇಡಿ.

ನಮ್ಮ ಸಭೆಗಳ ಬಾಗಿಲಲ್ಲಿ ನಿಲ್ಲುವ ಸೇವೆಯನ್ನು ಚಿಕ್ಕದು ಅಂತ ತಿಳಿಯಬೇಡಿ. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಶ್ರೀಲಂಕಾದ ಬಟ್ಟಿಕಲೋವಾದ ಸಿಯೋನ್ ಚರ್ಚಿಗೆ ಬ್ಯಾಗ್ ಹೊತ್ತು ಬಂದವನನ್ನು ಸಭೆಯ ಸಹೋದರನೊಬ್ಬ ಹೊರಗೇ ತಡೆದು ಮಾತಾಡಿಸಿದ. ಒಳಗೆ ಸಭೆ ತುಂಬಿತ್ತು. ಸ್ಫೋಟ ಹೊರಗೇ ಆಯಿತು, ಅವನೂ ಸತ್ತ. ಹೊರಗೆ ಇದ್ದ ಭಾನುವಾರ ಶಾಲೆಯ ಮಕ್ಕಳೂ ಸತ್ತರು. ಅವನಿಗೆ ಕೀರ್ತನೆ 91 ಗೊತ್ತಿರಲಿಲ್ಲವಾ? ಆ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ, ಇದೆ ಅಂತ ನಟಿಸೋದೂ ಇಲ್ಲ. ರೋಮಾಪುರ 8 ಮಾತ್ರ ನನ್ನ ಕೈಯಲ್ಲಿದೆ. ಮರಣವೂ ಕತ್ತಿಯೂ ನಮಗೆ ಬರುವುದೇ ಇಲ್ಲ ಅಂತ ಪೌಲ ಅಲ್ಲಿ ಹೇಳೋದಿಲ್ಲ. ಅವು ಬಂದರೂ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರವು ಅಂತ ಹೇಳ್ತಾನೆ. ಹಾಗೆ ಬರೆದವನನ್ನೇ ಆಮೇಲೆ 470 ಜನ ಕಾಯಬೇಕಾಯಿತು.

ಇನ್ನು ಊರಿಗೆ ವಾಪಸ್ ಬಂದುಬಿಡಲಾ ಅಂತ ಕೇಳುವವರಿಗೆ. ಬರಬೇಕಾದ ಕಾರಣ ಬೇರೆ ಇದ್ದರೆ ಬನ್ನಿ, ಸಂತೋಷ. ಬಾಂಬಿಗೆ ಹೆದರಿ ಬರೋದಾದರೆ ನಿಮ್ಮ ಅಮ್ಮನನ್ನು ನೋಡಿ. ಫೋನಿನಲ್ಲಿ "ಆ ಬೆಂಗಳೂರು ಬೇಡ ಮಗಾ" ಅಂತ ಅಳುವ ಅಮ್ಮ, ಬೆಳಿಗ್ಗೆ ಆರಕ್ಕೆ ಆನೆ ಓಡಾಡುವ ದಾರಿಯಲ್ಲೇ ತೋಟಕ್ಕೆ ನಡೀತಾರೆ. 2023ರ ಫೆಬ್ರವರಿಯಲ್ಲಿ ನಮ್ಮ ಕುಟ್ಟ ಕಡೆ ಹುಲಿ ಒಂದೇ ಮನೆಯ ಇಬ್ಬರನ್ನು ಕೊಂದಿತು, ನಿಮಗೆ ನೆನಪಿದೆ. ಆದರೂ ಕಾಫಿ ಕೊಯ್ಲು ನಿಲ್ಲಲಿಲ್ಲ. ಹೇಗೆ ಹೋಗ್ತಾರೆ? ಒಬ್ಬರೇ ಹೋಗೋದಿಲ್ಲ, ಗುಂಪಾಗಿ ಹೋಗ್ತಾರೆ. ಲದ್ದಿ ಬಿಸಿ ಇದೆಯಾ ನೋಡ್ತಾರೆ. ಫಾರೆಸ್ಟ್‌ನವರು ಬೇಡ ಅಂದ ದಿನ ಹೋಗೋದಿಲ್ಲ. ಲೈನ್ ಮನೆಯಿಂದ ಹೊರಡುವಾಗ ಎರಡು ನಿಮಿಷ ಪ್ರಾರ್ಥನೆ ಮಾಡ್ತಾರೆ. ಈ ಬುದ್ಧಿ ನಿಮ್ಮ ಮನೆಯಲ್ಲೇ ಇದೆ, ಅದನ್ನು ಮೆಜೆಸ್ಟಿಕ್‌ಗೂ ತಗೊಂಡು ಹೋಗಿ. ಮತ್ತೆ, ಅಲ್ಲಿ ಏನಾದರೂ ಸುದ್ದಿಯಾದ ದಿನ ಮೊದಲು ಅಮ್ಮನಿಗೆ ಒಂದು ಮೆಸೇಜ್ ಹಾಕಿ, ಕಾಲ್ ಸಿಗದಿದ್ದರೂ ಮೆಸೇಜ್ ಹೋಗಬಹುದು. "ಕ್ಷೇಮ" ಅಂತ ಒಂದೇ ಪದ ಸಾಕು.

ಈಗ ಎಲ್ಲರೂ ಎದ್ದು ನಿಲ್ಲಿ. ಸಂಜೆಯ ಬಸ್ಸಿಗೆ ಹೊರಡುವವರು ಮುಂದಕ್ಕೆ ಬನ್ನಿ. ಊರಲ್ಲಿ ಉಳಿಯುವವರು ಒಬ್ಬೊಬ್ಬರ ಹೆಗಲ ಮೇಲೆ ಕೈಯಿಟ್ಟು, ಹೆಸರು ಹಿಡಿದು ಪ್ರಾರ್ಥಿಸಿರಿ. ನಿಮ್ಮ ಪಿಜಿಯಲ್ಲಿ, ಆಫೀಸಿನಲ್ಲಿ ಇರುವವರ ಹೆಸರುಗಳನ್ನೂ ಹೇಳಿ, ಅವರು ಯಾವ ಧರ್ಮದವರೇ ಆಗಿರಲಿ.